ಅಜ್ಜಿಯ ಮುಖ ಉದ್ದವಾಗಿದ್ದು ಹೇಗೆ?

‘ನಮ್ಮಜ್ಜಿ ಇಷ್ಟು ಸಣ್ಣಗಿರಲಿಲ್ಲವಲ್ಲ?’

ಹಳೇ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಸ್ಟುಡಿಯೊದಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರಿಗೆ ಅದು ಬರೀ ವಿಡಿಯೊ ಅಲ್ಲ. ಆ ಅಜ್ಜಿ ಈಗ ಇಲ್ಲದಿರಬಹುದು; ಓಡಾಡುವ, ನಗುವ ಅಜ್ಜಿ ಉಳಿದಿರುವುದು ಆ ಟೇಪಿನಲ್ಲಿ ಮಾತ್ರ. ‘ಹಳೇ ಕ್ಯಾಸೆಟ್ ಸಾರ್, ಹಾಗೇ ಬರೋದು’ ಎಂದು ಸಾಗಹಾಕುವವರೂ ಇದ್ದಾರೆ. ಪಾಪ, ಕ್ಯಾಸೆಟ್ಟಿನದು ಏನೂ ತಪ್ಪಿಲ್ಲ.

ನಾವು ಬೆಳೆದದ್ದು ಎಚ್‌ಡಿ ಕಾಲದಲ್ಲಿ. ಫೋನಿನ 1920×1080 ವಿಡಿಯೊದಲ್ಲಿ ಪ್ರತಿ ಪಿಕ್ಸೆಲ್ಲೂ ಚೌಕ. ಹಾಗಾಗಿ ಪಿಕ್ಸೆಲ್ ಅಂದರೆ ಚೌಕವೇ ಎಂದುಕೊಂಡಿದ್ದೇವೆ. ಮಿನಿ ಡಿವಿ ಟೇಪು, ಡಿವಿಡಿಗಳ ಲೆಕ್ಕವೇ ಬೇರೆ. ಭಾರತದಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊ 720×576. ಭಾಗಿಸಿ ನೋಡಿ, 5:4 ಬರುತ್ತದೆ. ಆದರೆ ಆಗಿನ ಟಿ.ವಿ ಪರದೆ 4:3. ಅಮೆರಿಕದ ಎನ್‌ಟಿಎಸ್‌ಸಿ 720×480, ಅಂದರೆ 3:2. ಅದೂ 4:3 ಅಲ್ಲ!

ಈ ಎಡವಟ್ಟಿನ ಮೂಲ 1982ರ ಒಂದು ಅಂತರರಾಷ್ಟ್ರೀಯ ಶಿಫಾರಸು, ಸಿಸಿಐಆರ್ 601. ನಮ್ಮ ದೂರದರ್ಶನ ಬಣ್ಣಕ್ಕೆ ತಿರುಗಿದ್ದೂ ಅದೇ ವರ್ಷ. ಎರಡೂ ಪದ್ಧತಿಗಳಿಗೆ ಒಂದೇ ಡಿಜಿಟಲ್ ಅಳತೆ ಇರಲೆಂದು 13.5 ಮೆಗಾಹರ್ಟ್ಸ್ ವೇಗವನ್ನು ಒಪ್ಪಿಕೊಂಡರು. ಗೆರೆಗಳು 576 ಇರಲಿ, 480 ಇರಲಿ, ಒಂದು ಗೆರೆಗೆ 720 ಪಿಕ್ಸೆಲ್. ಪರದೆಗೆ ಹೊಂದಲು ಪಾಲ್ ಪಿಕ್ಸೆಲ್ ಸ್ವಲ್ಪ ಅಗಲವಾಗಿ, ಎನ್‌ಟಿಎಸ್‌ಸಿ ಪಿಕ್ಸೆಲ್ ಸ್ವಲ್ಪ ಕಿರಿದಾಗಿ ಕಾಣಬೇಕು. ಇದೇ ಪಿಕ್ಸೆಲ್ ಆಸ್ಪೆಕ್ಟ್ ರೇಷಿಯೊ.

ಟೇಪಿನಿಂದ ಇಳಿಸಿದ ಫೈಲಿನೊಳಗೆ ಈ ಅನುಪಾತದ ಗುರುತು ಇದ್ದರೆ ವಿಎಲ್‌ಸಿ ಅದನ್ನು ಓದಿ ಸರಿಯಾಗಿಯೇ ತೋರಿಸುತ್ತದೆ. ಎಡವುವುದು ಎಕ್ಸ್‌ಪೋರ್ಟಿನಲ್ಲಿ. 720×576 ಅಳತೆಯನ್ನು ಹಾಗೇ ಬಿಟ್ಟು ‘ಸ್ಕ್ವೇರ್ ಪಿಕ್ಸೆಲ್’ ಎಂದು ಆರಿಸಿದರೆ ಮುಖಗಳು ಶೇ 6ರಷ್ಟು ಕಿರಿದಾಗುತ್ತವೆ. ಟೇಪು ವೈಡ್‌ಸ್ಕ್ರೀನಿನದಾಗಿದ್ದರೆ ಶೇ 30ರಷ್ಟು, ಮದುಮಗ ಊದಿನಕಡ್ಡಿ! ಇನ್ನೊಂದು ಅತಿರೇಕವೂ ಉಂಟು. ಹೊಸ ಟಿ.ವಿ ತುಂಬಾ ಕಾಣಲಿ ಎಂದು 4:3 ಚಿತ್ರವನ್ನು 16:9ಕ್ಕೆ ಎಳೆಯುವುದು. ಆಗ ಎಲ್ಲರೂ ಮೂರನೇ ಒಂದು ಪಾಲು ದಪ್ಪ. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ, ಅದಕ್ಕೇಕೆ ಅಷ್ಟು ನಾಚಿಕೆ?

ಪರಿಹಾರ ಸುಲಭ. 4:3 ಪಾಲ್ ಆದರೆ 768×576, ವೈಡ್‌ಸ್ಕ್ರೀನ್ ಆದರೆ 1024×576, ಪಿಕ್ಸೆಲ್ ಚೌಕ. ಹಿಗ್ಗಿಸುವುದು ಅಗಲವನ್ನು ಮಾತ್ರ. 720×540 ಮಾಡಿದರೂ 4:3 ಬರುತ್ತದೆ ನಿಜ. ಆದರೆ ಹಳೇ ವಿಡಿಯೊ ಇಂಟರ್‌ಲೇಸ್ಡ್. ಸಮ ಗೆರೆ, ಬೆಸ ಗೆರೆಗಳು ಬೇರೆ ಬೇರೆ ಕ್ಷಣದವು. ಡಿಇಂಟರ್‌ಲೇಸ್ ಮಾಡದೆ ಎತ್ತರ ಕುಗ್ಗಿಸಿದರೆ ಅವು ಒಂದಕ್ಕೊಂದು ಬೆರೆತು, ಕೈ ಬೀಸಿದಲ್ಲೆಲ್ಲ ನೆರಳು ಮೂಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಪ್ರೀಮಿಯರ್ ಪ್ರೊದಲ್ಲಿ ಪಾಲ್ ಅನುಪಾತ 1.094 ಎಂದು ಕಂಡು ಗಾಬರಿಯಾಗಬೇಡಿ. ಮೊದಲು ಅದು 1.067 ಇತ್ತು, ಸಿಎಸ್4 ಆವೃತ್ತಿಯಲ್ಲಿ ಬದಲಾಯಿತು. 720ರಲ್ಲಿ ನಿಜವಾದ ಚಿತ್ರ ಸುಮಾರು 702 ಪಿಕ್ಸೆಲ್ ಮಾತ್ರ, ಉಳಿದದ್ದು ಅಂಚು ಎಂಬುದು ಹೊಸ ಲೆಕ್ಕ. ಎರಡರ ನಡುವಿನ ವ್ಯತ್ಯಾಸ ಶೇ 2.5ರಷ್ಟು. ಇದಕ್ಕಾಗಿ ಗಂಟೆಗಟ್ಟಲೆ ವಾದಿಸುವವರಿದ್ದಾರೆ, ನನಗಂತೂ ಕಣ್ಣಿಗೆ ಕಂಡಿಲ್ಲ.

ವಿಎಚ್‌ಎಸ್‌ನಿಂದ ಇಳಿಸಿದ ಫೈಲಿನಲ್ಲಿ ಗುರುತು ಇಲ್ಲದೆಯೂ ಇರಬಹುದು, ತಪ್ಪಾಗಿಯೂ ಇರಬಹುದು. ಆಗ ವಿಡಿಯೊದಲ್ಲಿ ಒಂದು ವೃತ್ತ ಹುಡುಕಿ. ಛತ್ರದ ಗೋಡೆ ಗಡಿಯಾರ, ನೇರ ಪಕ್ಕದಿಂದ ಕಾಣುವ ಮದುವೆ ಕಾರಿನ ಚಕ್ರ ಏನಾದರೂ ಸಿಗುತ್ತದೆ. ಎಕ್ಸ್‌ಪೋರ್ಟ್ ಆದ ಫೈಲನ್ನು ಪರದೆಯ ಮೇಲೆ ನಿಲ್ಲಿಸಿ, ಸ್ಕೇಲ್ ಇಟ್ಟು ಅದರ ಅಗಲ, ಎತ್ತರ ಅಳೆಯಿರಿ. ಎರಡೂ ಒಂದೇ ಬಂದರೆ ಅಜ್ಜಿಯೂ ಸರಿಯಾಗಿದ್ದಾರೆ.

ಎಂಪಿ4 ಜೊತೆ ಮೂಲ ಡಿವಿ ಫೈಲನ್ನೂ ಗ್ರಾಹಕರಿಗೆ ಕೊಡಿ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಹಾರ್ಡ್ ಡಿಸ್ಕ್ ತರಲು ಮೊದಲೇ ಹೇಳಿರಿ.