ತರಕಾರಿ ಬುಟ್ಟಿಯಲ್ಲಿ ವಾಣಿಜ್ಯದ ಪಾಠ

ಹಡಪಸರದ ಸಾಧನಾ ವಿದ್ಯಾಲಯವು ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ಸ್ಥಾಪಿಸಿದ ರಯತ ಶಿಕ್ಷಣ ಸಂಸ್ಥೆಗೆ ಸೇರಿದುದು. ದುಡಿಯುತ್ತ ಕಲಿಯಬೇಕೆಂಬುದು ಆ ಮಹನೀಯರ ಪದ್ಧತಿ. ಬಡ ವಿದ್ಯಾರ್ಥಿಗಳು ಮೈಮುರಿದು ದುಡಿದೇ ವಿದ್ಯೆ ಪಡೆದರು. ಪ್ರೌಢಶಾಲೆಯ ವಾಣಿಜ್ಯ ಪಾಠಕ್ಕೂ ಇದೇ ಮಾರ್ಗ ಲೇಸು.

ಒಂಬತ್ತನೆಯ ತರಗತಿಯ ಹತ್ತು ಮಕ್ಕಳು ತಲಾ ನೂರು ರೂಪಾಯಿಯ ಷೇರು ಹಾಕಿ, ಸಗಟು ದರದಲ್ಲಿ ಸಾವಿರ ರೂಪಾಯಿಯ ತರಕಾರಿ ಕೊಂಡು ಮಾರಲಿ. 1260 ರೂಪಾಯಿ ಕೈಸೇರಿದರೆ 260 ಲಾಭವೆಂದು ಹಿಗ್ಗುವರು. ಸಾಗಾಣಿಕೆಗೆ 90, ತಕ್ಕಡಿಯ ಬಾಡಿಗೆಗೆ 30 ಕಳೆದರೆ ಉಳಿಯುವುದು 140. ದಿನವಿಡೀ ನಿಂತ ಮೂವರಿಗೆ ಕೂಲಿ ಹಾಕಿದೊಡನೆ ಲಾಭವೇ ನಷ್ಟವಾಗುವುದು! ಮನೆಮಂದಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ರೈತನ ಬವಣೆ ಆಗ ತಾನಾಗಿಯೇ ಮನದಟ್ಟಾಗುವುದು.

ಷೇರಿನ ಪಾಠಕ್ಕಂತೂ ದೂರ ಹೋಗಬೇಕಾಗಿಲ್ಲ. ಇದೇ ಹಡಪಸರದ ಮಗರಪಟ್ಟಾದ ರೈತ ಕುಟುಂಬಗಳು ಸುಮಾರು 400 ಎಕರೆ ಭೂಮಿಯನ್ನು ಬಿಡಿಬಿಡಿಯಾಗಿ ಮಾರಿಬಿಡದೆ ಒಂದುಗೂಡಿಸಿ, ಕಂಪೆನಿ ಕಟ್ಟಿ, ಹಿಡುವಳಿಗೆ ತಕ್ಕಂತೆ ಷೇರುದಾರರಾದವು. ಹೊಲ ಮಾರಿದ ಹಣ ಮದುವೆ, ಮೋಟಾರುಗಳಲ್ಲಿ ಕರಗುವುದನ್ನು ಬ್ಯಾಂಕಿನ ಕೌಂಟರಿನಾಚೆಯಿಂದ ಕಂಡವರಿಗೆ ಇದರ ಬೆಲೆ ತಿಳಿದೀತು.

ತರಗತಿಯ ಅಂಗಡಿಯಲ್ಲಿ ನಷ್ಟವಾದರೆ ಉಪಾಧ್ಯಾಯರು ಕನಿಕರದಿಂದ ತುಂಬಿಕೊಡಬಾರದು. ಅದು ಹತ್ತು ಷೇರುಗಳ ಮೇಲೆಯೂ ಸಮನಾಗಿ ಬೀಳಲಿ. ಲೆಕ್ಕಪುಸ್ತಕಕ್ಕೆ ಹತ್ತೂ ಮಕ್ಕಳು ಸಹಿ ಹಾಕಲಿ.