ಟೆಲಿಸ್ಕೋಪ್ ಊರಲ್ಲಿ, ಮೌಸ್ ಹಾಸ್ಟೆಲಲ್ಲಿ

ಬಿ.ಇ. ಓದುತ್ತಾ ನಾನಿರುವುದು ಚಳ್ಳಕೆರೆಯ ಹಾಸ್ಟೆಲ್‌ನಲ್ಲಿ. ಸ್ಕಾಲರ್‌ಶಿಪ್ ಹಣದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಟೆಲಿಸ್ಕೋಪ್ ಇರುವುದು ಮೊಳಕಾಲ್ಮುರಿನ ನಮ್ಮ ಮನೆ ಮಾಳಿಗೆ ಮೇಲೆ. ಸಂಜೆ ಅಮ್ಮ ಹೊದಿಕೆ ತೆಗೆದು ಸ್ವಿಚ್ ಹಾಕುತ್ತಾಳೆ. ಅದಕ್ಕೆ ಜೋಡಿಸಿದ ಹಳೆಯ ಲ್ಯಾಪ್‌ಟಾಪನ್ನು ಇಲ್ಲಿಂದಲೇ ನಡೆಸಲು ಸಾಫ್ಟ್‌ವೇರ್ ಬೇಕಿತ್ತು.

ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಚೆನ್ನಾಗಿದೆ. ಆದರೆ ಅದಕ್ಕೆ ಊರಿನ ಲ್ಯಾಪ್‌ಟಾಪ್‌ನಲ್ಲಿ ಪ್ರೊ ಆವೃತ್ತಿ ಇರಬೇಕು, ನನ್ನದು ಹೋಮ್. ಟೈಟ್‌ವಿಎನ್‌ಸಿ ಉಚಿತ, ಒಂದೇ ವೈಫೈನಲ್ಲಿ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಊರು ದಾಟಬೇಕಾದರೆ ಮಾತ್ರ ವಿಪಿಎನ್ ಬೇಕು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ಗೆ ಗೂಗಲ್ ಖಾತೆ, ಪಿನ್ ಸಾಕು. ಅದನ್ನೇ ಆರಿಸಿದೆ.

ಜನವರಿಯ ಒಂದು ರಾತ್ರಿ ಒರಾಯನ್ ನೀಹಾರಿಕೆಯ ಚಿತ್ರ ತೆಗೆಯುವಾಗ ನೆಟ್ ಹೋಯಿತು. ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದೆ.

‘ಅದು ತನ್ನ ಪಾಡಿಗೆ ತಿರುಗ್ತಾ ಐತೆ. ಮೋಡ ಬರ್ತಾ ಐತೆ ಕಣಪ್ಪ, ಮುಚ್ಚಲೇನು?’

‘ಮುಚ್ಚಮ್ಮ’ ಎಂದೆ.

ನೆಟ್ ಬಂದ ಮೇಲೆ ನೋಡಿದರೆ, ಮೋಡ ಬರುವವರೆಗಿನ ಚಿತ್ರಗಳೆಲ್ಲ ಲ್ಯಾಪ್‌ಟಾಪ್‌ನಲ್ಲಿ ಭದ್ರವಾಗಿದ್ದವು. ಕ್ಯಾಮೆರಾ ನಡೆಸುವ ಸಾಫ್ಟ್‌ವೇರ್ ಇದ್ದದ್ದು ಅಲ್ಲೇ. ನನ್ನ ಕೈಲಿದ್ದದ್ದು ಬರೀ ಕಿಟಕಿ.

ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಲ್ಲೂ ಬೆಟ್ಟದ ಮೇಲೆ ಸಿಬ್ಬಂದಿ ಬೇಕೇ ಬೇಕು.

ಗೆಳೆಯರೇ, ಸಾಫ್ಟ್‌ವೇರ್ ಆರಿಸುವಾಗ ವೇಗವನ್ನಷ್ಟೇ ನೋಡಬೇಡಿ. ಸಂಪರ್ಕ ಕಡಿದರೆ ಆ ಕಡೆ ಕೆಲಸ ನಡೆಯುತ್ತದೆಯೇ, ಮೋಡ ಬಂದರೆ ಮುಚ್ಚುವವರಾರು ಎಂದು ಮೊದಲು ಕೇಳಿಕೊಳ್ಳಿ. ನನಗಂತೂ ಅಮ್ಮ ಇದ್ದಾಳೆ.