ದನದ ಕೊಟ್ಟಿಗೆಯ ತೂಗುದೀಪ: ವೈರು ಎಳೆಯುವ ಮುನ್ನ

ಇಂದು ಸಂಜೆ ಕೊಟ್ಟಿಗೆಗೆ ಹೋದಾಗ ಒಮ್ಮೆ ತಲೆ ಎತ್ತಿ ಬಲ್ಬಿನ ಕಡೆ ನೋಡಿರಿ. ಪಡಸಾಲೆಯ ಹೋಲ್ಡರಿನಿಂದ ಎರಡೆಳೆಯ ಮೆತ್ತನೆಯ ವೈರು ಎಳೆದು, ಜಂತಿಗೆ ಮೊಳೆ ಬಡಿದು ಸುತ್ತಿ, ಗೋದಲಿಯ ಮೇಲೆ ಬಲ್ಬು ಜೋತುಬಿಟ್ಟಿದ್ದರೆ ಈ ಲೇಖನ ನಿಮಗಾಗಿಯೇ.

ಬೈಲಹೊಂಗಲ, ಸವದತ್ತಿ ಕಡೆಯ ಮಾಳಿಗೆ ಮನೆಗಳಲ್ಲಿ ದನ ಮತ್ತು ಜನ ಒಂದೇ ಸೂರಿನಡಿ ಇರುವುದು ಹಳೆಯ ರೂಢಿ. 1979-80ರಲ್ಲಿ ಭಾಗ್ಯಜ್ಯೋತಿ ಯೋಜನೆ ಬಂದಾಗ ಬಡವರ ಮನೆಗೆ ಸಿಕ್ಕಿದ್ದು ಒಂದೇ ದೀಪ. ಆ ಒಂದು ದೀಪದಿಂದ ಅಡಿಗೆಮನೆಗೆ, ಅಲ್ಲಿಂದ ಕೊಟ್ಟಿಗೆಗೆ ವೈರು ಹಬ್ಬಿದ ಮನೆಗಳು ಎಷ್ಟೋ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹಲವರಿಗೆ ಬಿಲ್ಲಿನ ಚಿಂತೆ ತಪ್ಪಿತು. ವೈರು ಮಾತ್ರ ಹಳೆಯದೇ ಉಳಿಯಿತು.

ತೂಗುವ ವೈರನ್ನು ಮನೆಯ ಕಾಯಂ ವೈರಿಂಗಿಗೆ ಬಳಸಕೂಡದೆಂಬುದು ನಿಯಮ. ಭಾರತೀಯ ಮಾನಕ ಬ್ಯೂರೋದ ವೈರಿಂಗ್ ಸಂಹಿತೆ ಐ.ಎಸ್. 732 ಹೇಳುವುದೂ ಇದನ್ನೇ. ಮೀಟರ್ ಬೋರ್ಡಿನಿಂದ ಸೂರಿನವರೆಗೆ ಪೈಪಿನೊಳಗೆ ಕಾಯಂ ವೈರು ಬರಬೇಕು. ಸೂರಿಗೆ ಸೀಲಿಂಗ್ ರೋಜ್ ಕೂಡಿಸಿ, ಅಲ್ಲಿಂದ ಹೋಲ್ಡರಿನವರೆಗೆ ಮಾತ್ರ ತೂಗುವ ವೈರು. ಒಂದು ರೋಜಿನಿಂದ ಒಂದೇ ವೈರು ಇಳಿಯಬೇಕು. ನಡುವೆ ಜೋಡಣೆ, ಟೇಪು ಸುತ್ತಿದ ಗಂಟು ಇರಬಾರದು. ರೋಜಿನ ಒಳಗೆ ಹಾಗೂ ಹೋಲ್ಡರಿನ ಒಳಗೆ ವೈರಿಗೆ ಒಂದೊಂದು ಗಂಟು ಹಾಕಿದರೆ ಬಲ್ಬಿನ ಭಾರ ಗಂಟಿನ ಮೇಲೆ ಬೀಳುತ್ತದೆ, ಸ್ಕ್ರೂ ಮೇಲೆ ಬೀಳುವುದಿಲ್ಲ. ಈ ಸಣ್ಣ ಕೆಲಸವನ್ನು ಬಿಡುವವರೇ ಹೆಚ್ಚು. ಫ್ಯಾನಿನಂಥ ಭಾರದ ವಸ್ತುವನ್ನಂತೂ ಕೊಂಡಿಗೇ ತೂಗಬೇಕು.

ದೀಪ ನೆಲದಿಂದ 2.5 ಮೀಟರಿಗಿಂತ ಕೆಳಗೆ ಇರಬಾರದು. ಸೂರು ಗಿಡ್ಡದಾಗಿದ್ದರೆ ತೂಗುದೀಪದ ಆಸೆ ಬಿಟ್ಟು, ಎತ್ತಿನ ಕೋಡಿಗೆ ಎಟುಕದಂತೆ ಗೋಡೆಗೆ ಮುಚ್ಚಿದ ದೀಪ ಕೂಡಿಸುವುದು ಲೇಸು. ಕಣಕಿ, ಹೊಟ್ಟು ಒಟ್ಟುವ ಜಾಗದ ಮೇಲಂತೂ ಬಲ್ಬು ಬೇಡ. ಸಡಿಲ ಜೋಡಣೆಯ ಒಂದು ಕಿಡಿ ಸಾಕು, ವರ್ಷದ ಮೇವು ಹೋಗುತ್ತದೆ. ಗಂಜಲದ ಆವಿಗೆ ಹೋಲ್ಡರಿನ ಹಿತ್ತಾಳೆ ಹಸಿರುಗಟ್ಟುತ್ತದೆ, ಇಲಿಗಳು ವೈರಿನ ಹೊದಿಕೆ ಕಡಿಯುತ್ತವೆ. ಕೊಟ್ಟಿಗೆಯ ವೈರು ಮನೆಯ ವೈರಿಗಿಂತ ಬೇಗ ಕೆಡುವುದಕ್ಕೆ ಇವೇ ಕಾರಣಗಳು.

ಬಟನ್ ಯಾವಾಗಲೂ ಕೆಂಪು ವೈರಿನ, ಅಂದರೆ ಫೇಸಿನ ಮೇಲೆ ಇರಬೇಕು. ಕಪ್ಪು ವೈರಿನ ಮೇಲೆ ಕೂಡಿಸಿದರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಲ್ಬು ಬದಲಿಸಲು ಕೈಹಾಕಿದವರಿಗೆ ಗೊತ್ತಾಗುವುದು ಆಗಲೇ. ಬಟನ್ ಆರಿಸಿದ ಮೇಲೂ ಎಲ್.ಇ.ಡಿ. ಬಲ್ಬು ಮಸುಕಾಗಿ ಉರಿಯುತ್ತಿದ್ದರೆ ಈ ತಪ್ಪು ಇರಬಹುದೆಂದು ಸಂಶಯಪಡಿರಿ. ವೈರಮನ್‌ನಿಂದ ಪರೀಕ್ಷೆ ಮಾಡಿಸಿರಿ.

ಮನುಷ್ಯನಿಗಿಂತ ದನಕ್ಕೆ ಕರೆಂಟಿನ ಅಪಾಯ ಹೆಚ್ಚು. ಒದ್ದೆ ನೆಲದಲ್ಲಿ ಕರೆಂಟು ಹರಿದರೆ ಎತ್ತಿನ ಮುಂಗಾಲಿನಿಂದ ಹಿಂಗಾಲಿಗೆ ಹಾಯುತ್ತದೆ. ಆ ದಾರಿಯಲ್ಲಿಯೇ ಗುಂಡಿಗೆ ಇದೆ. ಕಾಲಿಗೆ ಚಪ್ಪಲಿಯೂ ಇಲ್ಲ, ಹಗ್ಗ ಬಿಚ್ಚಿಕೊಂಡು ಓಡುವಂತೆಯೂ ಇಲ್ಲ. ಆದ್ದರಿಂದ ಹಸಿರು ಅರ್ತ್ ವೈರು ಕೊಟ್ಟಿಗೆಯವರೆಗೂ ಬರಲೇಬೇಕು. ಮೀಟರಿನ ಹತ್ತಿರ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂಡಿಸಿರಿ. ಕರೆಂಟು ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಫ್ಯೂಜು ಈ ಕೆಲಸ ಮಾಡಲಾರದು. ಜೀವ ತೆಗೆಯುವಷ್ಟು ಸೋರಿಕೆ ಅದರ ಲೆಕ್ಕಕ್ಕೇ ಬರುವುದಿಲ್ಲ.

ಅರ್ತಿಂಗಿಗೆ 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಗೋಡೆಯಿಂದ ಒಂದೂವರೆ ಮೀಟರ್ ದೂರ ಹುಗಿಯಬೇಕು. ಬೈಲಹೊಂಗಲದ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಪೈಪಿನ ಸುತ್ತ ಸಂದು ಬಿಡುತ್ತದೆ. ಆಗ ಮಣ್ಣು ತುಂಬಿ ನೀರು ಹಾಕುತ್ತಿರಬೇಕು. ರಾಮದುರ್ಗದ ಕಲ್ಲುನೆಲದಲ್ಲಿ ಪೈಪು ನೆಟ್ಟಗೆ ಇಳಿಯದಿದ್ದರೆ 30 ಅಂಶದವರೆಗೆ ಓರೆಯಾಗಿ ಇಳಿಸಲು ನಿಯಮದಲ್ಲಿ ಅವಕಾಶವಿದೆ. ಕಿತ್ತೂರು ಕಡೆ ಮಳೆ ಹೆಚ್ಚು, ಹಂಚಿನ ಮನೆಗಳೂ ಹೆಚ್ಚು. ಅಲ್ಲಿ ಸೋರುವ ಹಂಚಿನ ಕೆಳಗೆ ಸೀಲಿಂಗ್ ರೋಜ್ ಬಾರದಂತೆ ಮೊದಲೇ ಜಾಗ ನೋಡಿಕೊಳ್ಳಿರಿ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನೆನಪಿರಬೇಕು. ಹಾಗೆ ನೆನೆದ ಮಣ್ಣುಗೋಡೆಯ ವೈರಿಂಗನ್ನು ಮೆಗ್ಗರ್ ಯಂತ್ರದಿಂದ ಪರೀಕ್ಷಿಸದೆ ಲೈನು ಕೊಡಬಾರದು. ಬಿಸಿಲಿಗೆ ಗೋಡೆ ಒಣಗಿದಂತೆ ಕಂಡರೂ ಪೈಪಿನೊಳಗೆ ನೀರು ನಿಂತಿರುತ್ತದೆ.

ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಒಂದು ದೀಪದ ಸರ್ಕ್ಯೂಟಿನಲ್ಲಿ 10 ಪಾಯಿಂಟಿಗಿಂತ, 800 ವ್ಯಾಟಿಗಿಂತ ಹೆಚ್ಚು ಬೇಡವೆಂದು ಅವರಿಗೆ ಮೊದಲೇ ಹೇಳಿರಿ. ಮೇವು ಕತ್ತರಿಸುವ ಯಂತ್ರಕ್ಕೆ ಬೇರೆ ಲೈನೇ ಬೇಕು. ಎಲ್ಲವನ್ನೂ ಒಮ್ಮೆಲೇ ಮಾಡಿಸಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಮೊದಲು ಅರ್ತಿಂಗ್ ಮತ್ತು ಆರ್.ಸಿ.ಸಿ.ಬಿ. ಆಗಲಿ, ಪೈಪು ಹಾಗೂ ವೈರು ಸುಗ್ಗಿಯ ನಂತರ ಬರಲಿ. ಅಲ್ಲಿಯವರೆಗೆ ಕೊಟ್ಟಿಗೆಯ ಜೋತುವೈರನ್ನು ಮೇನ್ ಆರಿಸಿ ಬಿಚ್ಚಿಡಿಸಿ, ಬ್ಯಾಟರಿ ಹಿಡಿದುಕೊಂಡೇ ಮೇವು ಹಾಕಿರಿ.